ಆಫ್ ಆಗುವುದೇ ಇದರ ಕೆಲಸ

ನನ್ನ ಮೇಜಿನ ಮೇಲೆ ಅಂಗೈಯಗಲದ ಒಂದು ಮರದ ಪೆಟ್ಟಿಗೆ ಇದೆ. ಅದರ ಮೇಲೆ ಇರುವುದು ಒಂದೇ ಸ್ವಿಚ್. ಆನ್ ಮಾಡಿದರೆ ಮುಚ್ಚಳ ಮೆಲ್ಲಗೆ ಏಳುತ್ತದೆ. ಒಳಗಿಂದ ಒಂದು ಮರದ ಬೆರಳು ಹೊರಗೆ ಬರುತ್ತದೆ, ಸ್ವಿಚ್ಚನ್ನು ಆಫ್ ಮಾಡುತ್ತದೆ, ವಾಪಸ್ ಹೋಗಿ ಮಲಗುತ್ತದೆ. ಅಷ್ಟೇ. ಇದು ಬೇರೇನೂ ಮಾಡುವುದಿಲ್ಲ.

ನನ್ನ ಉದ್ಯೋಗ ಗೊತ್ತಾದರೆ ಈ ಪೆಟ್ಟಿಗೆ ನನ್ನನ್ನು ಯಾಕೆ ಇಷ್ಟು ಕಾಡುತ್ತದೆ ಎಂದು ತಿಳಿಯುತ್ತದೆ. ಹೊಸ ವಸ್ತು ಕೊಂಡಾಗ ಡಬ್ಬದ ತಳದಲ್ಲಿ, ಎಂಟು ಮಡಿಕೆ ಹಾಕಿದ, ಯಾರೂ ಬಿಚ್ಚಿ ನೋಡದ ಕಾಗದ ಇರುತ್ತದಲ್ಲ, ಅದನ್ನು ಬರೆಯುವವನು ನಾನು. ಆ ಕಾಗದದ ಮೊದಲ ತಲೆಬರಹ ಯಾವಾಗಲೂ ಒಂದೇ: ಉದ್ದೇಶಿತ ಬಳಕೆ. ಈ ವಸ್ತು ಯಾತಕ್ಕೆ, ಒಂದು ವಾಕ್ಯದಲ್ಲಿ ಹೇಳು. ಹದಿನಾಲ್ಕು ವರ್ಷದಿಂದ ಇದನ್ನೇ ಬರೆದು ಬರೆದು, ಈಗ ಯಾವ ವಸ್ತು ಕಂಡರೂ ಮನಸ್ಸಿನಲ್ಲೇ ಆ ವಾಕ್ಯ ಬರೆಯುವ ಚಟ ಅಂಟಿಕೊಂಡಿದೆ. ಆ ವಾಕ್ಯ ಸಲೀಸಾಗಿ ಬಂದುಬಿಟ್ಟರೆ ನನಗೆ ಆ ವಸ್ತುವಿನ ಮೇಲೆ ಆಸಕ್ತಿ ಹೋಗುತ್ತದೆ. ತಡವರಿಸಿದರೆ ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಇವತ್ತು ಆ ನೋಟ್‌ಬುಕ್ಕಿನ ಕೆಲವು ಪುಟಗಳು.

ಮೊದಲು ಪೆಟ್ಟಿಗೆಯದೇ ಕಥೆ. ಇದರ ಯೋಚನೆ ಹೊಳೆದದ್ದು ಮಾರ್ವಿನ್ ಮಿನ್ಸ್ಕಿಗೆ, 1952ರಲ್ಲಿ, ಬೆಲ್ ಲ್ಯಾಬ್ಸ್ ಎಂಬ ಅಮೆರಿಕದ ಸಂಶೋಧನಾಲಯದಲ್ಲಿ. ಮುಂದೆ ಕೃತಕ ಬುದ್ಧಿಮತ್ತೆಯ ಹಿರಿಯರಲ್ಲಿ ಒಬ್ಬರಾದವರು ಆಗಿನ್ನೂ ವಿದ್ಯಾರ್ಥಿ. ಅದನ್ನು ಮಾಡಿಸಿ ಮೇಜಿನ ಮೇಲೆ ಇಟ್ಟುಕೊಂಡವರು ಕ್ಲಾಡ್ ಶಾನನ್. ಮಾಹಿತಿಯನ್ನು ಬಿಟ್‌ಗಳಲ್ಲಿ ಅಳೆಯುವುದು ಹೇಗೆ ಎಂದು 1948ರಲ್ಲಿ ಲೋಕಕ್ಕೆ ತೋರಿಸಿಕೊಟ್ಟ ಅದೇ ಶಾನನ್. ಅಂಥ ಮನುಷ್ಯ ಬಿಡುವಿದ್ದಾಗ ಮಾಡಿದ್ದು ಏನು ಗೊತ್ತಾ? ರೋಮನ್ ಅಂಕಿಗಳಲ್ಲಿ ಲೆಕ್ಕ ಮಾಡುವ ಯಂತ್ರ. ಬೆಂಕಿ ಉಗುಳುವ ಟ್ರಂಪೆಟ್. ಚೆಂಡು ಎಸೆದು ಹಿಡಿಯುವ ಬೊಂಬೆ. ಕಚೇರಿಯ ಓಣಿಯಲ್ಲಿ ಒಂದೇ ಚಕ್ರದ ಸೈಕಲ್ ಸವಾರಿ ಬೇರೆ. ಅವರ ಪೆಟ್ಟಿಗೆಯನ್ನು ನೋಡಿದ ವಿಜ್ಞಾನ ಕಥೆಗಾರ ಆರ್ಥರ್ ಕ್ಲಾರ್ಕ್‌ಗೆ ನಗು ಬರಲಿಲ್ಲ, ಏನೋ ಕೆಡುಕು ಕಂಡಂತಾಯಿತಂತೆ. ರಾತ್ರಿ ಹನ್ನೊಂದಕ್ಕೆ ಒಬ್ಬನೇ ಕೂತು ಸ್ವಿಚ್ ಒತ್ತಿ ನೋಡಿದರೆ ಅವರ ಮಾತು ಅರ್ಥವಾಗುತ್ತದೆ.

ನನ್ನದು ಬಿಡಿಭಾಗಗಳ ಕಿಟ್ ತಂದು ಜೋಡಿಸಿದ್ದು. ಒಳಗೆ ಚಿಪ್ ಇಲ್ಲ, ಪ್ರೋಗ್ರಾಂ ಇಲ್ಲ. ಒಂದು ಮೋಟಾರು, ಎರಡು ಸ್ವಿಚ್. ಮೇಲಿನ ಸ್ವಿಚ್ ಕರೆಂಟಿನ ದಿಕ್ಕನ್ನು ತಿರುಗಿಸುತ್ತದೆ. ಆನ್ ಮಾಡಿದರೆ ಮೋಟಾರು ಮುಂದಕ್ಕೆ ಸುತ್ತಿ ಬೆರಳು ಮೇಲೆ ಬರುತ್ತದೆ. ಬೆರಳು ಸ್ವಿಚ್ಚನ್ನು ತಳ್ಳಿದ ಕೂಡಲೇ ದಿಕ್ಕು ಉಲ್ಟಾ ಆಗಿ ತಾನೇ ಹಿಂದೆ ಸರಿಯುತ್ತದೆ. ಪೂರ್ತಿ ಒಳಗೆ ಹೋದಾಗ ಅಡಿಯಲ್ಲಿರುವ ಎರಡನೇ ಸ್ವಿಚ್ಚಿಗೆ ತಾಗಿ ಕರೆಂಟು ಕಡಿದುಹೋಗುತ್ತದೆ. ಎಷ್ಟು ಸರಳ, ಅಲ್ವಾ? ಆದರೂ ನಾನು ವೈರು ಅದಲುಬದಲು ಮಾಡಿದ್ದೆ. ಬೆರಳು ಮೇಲೆ ಬರುವ ಬದಲು ಪೆಟ್ಟಿಗೆಯ ತಳವನ್ನು ಗುದ್ದತೊಡಗಿತು. ಕಿಟ್ ಜೊತೆ ಬಂದ ಕೈಪಿಡಿಯನ್ನು ನಾನು ಓದಿರಲಿಲ್ಲ. ಹೌದು, ನಾನೇ.

ಕ್ಲಾಕಿ ಎಂಬ ಅಲಾರಂ ಗಡಿಯಾರದ್ದು ಬೇರೆ ತರಹದ ತುಂಟತನ. ಎಂ.ಐ.ಟಿ. ಮೀಡಿಯಾ ಲ್ಯಾಬಿನಲ್ಲಿ ಓದುತ್ತಿದ್ದ ಗೌರಿ ನಂದಾ ಇದನ್ನು ಮಾಡಿದ್ದು. ಎರಡು ಚಕ್ರ ಇದೆ. ಒಮ್ಮೆ ಸ್ನೂಜ್ ಒತ್ತಿ ಮಲಗಿದರೆ, ಅದು ಮಂಚದ ಪಕ್ಕದ ಮೇಜಿನಿಂದ ಕೆಳಗೆ ಹಾರಿ, ಕೋಣೆಯಲ್ಲಿ ಎಲ್ಲೋ ಓಡಿಹೋಗಿ ಕೂಗತೊಡಗುತ್ತದೆ. ಎದ್ದು ಹುಡುಕಲೇಬೇಕು. ಮೊದಲ ಮಾದರಿಗೆ ಜೂಲುಜೂಲಾದ ಕಾರ್ಪೆಟ್ ಹೊದಿಸಿದ್ದರು, ಯಾವುದೋ ಪ್ರಾಣಿ ಓಡಿದಂತೆ ಕಾಣುತ್ತಿತ್ತು. 2005ರಲ್ಲಿ ಇದಕ್ಕೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ತಮಾಷೆಯ ಬಹುಮಾನ. ಅದೂ ಅರ್ಥಶಾಸ್ತ್ರದಲ್ಲಿ! ಜನ ಬೇಗ ಏಳುತ್ತಾರೆ, ಕೆಲಸದ ಗಂಟೆ ಜಾಸ್ತಿಯಾಗುತ್ತದೆ ಎಂಬ ಲೆಕ್ಕ. ನನ್ನ ವಾಕ್ಯ: "ಬಳಕೆದಾರನಿಂದ ತಪ್ಪಿಸಿಕೊಳ್ಳಲು." ಇಂಥದ್ದನ್ನು ಬರೆದು ಕೊಟ್ಟರೆ ನನ್ನ ಮ್ಯಾನೇಜರ್ ಮುಖ ಹೇಗಾಗುತ್ತದೆ ಎಂದು ಊಹಿಸಬಲ್ಲೆ.

ಚಿಂದೋಗು ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಜಪಾನಿ ಪದ, ಚಿನ್ ಅಂದರೆ ವಿಚಿತ್ರ, ದೋಗು ಅಂದರೆ ಸಲಕರಣೆ. ಶುರು ಮಾಡಿದ್ದು ಕೆಂಜಿ ಕವಾಕಮಿ. ಅಂಚೆಯಲ್ಲಿ ಸಾಮಾನು ಮಾರುವ ಒಂದು ಪತ್ರಿಕೆಗೆ ಅವರು ಸಂಪಾದಕರಾಗಿದ್ದರು. ಉಳಿದ ಪುಟ ತುಂಬಿಸಲು ತಾವೇ ಏನೇನೋ ವಸ್ತು ಮಾಡಿ ಅದರ ಚಿತ್ರ ಹಾಕುತ್ತಿದ್ದರು. ನೆಗಡಿಯಾದವರಿಗೆ ತಲೆಯ ಮೇಲೆ ಪೇಪರ್ ಸುರುಳಿ ಕೂರಿಸಿದ ಟೋಪಿ. ಶೂ ನೆನೆಯದಿರಲಿ ಎಂದು ಶೂ ತುದಿಗೆ ಪುಟ್ಟ ಛತ್ರಿ. ಕಣ್ಣಿಗೆ ಔಷಧ ಗುರಿ ತಪ್ಪದೆ ಬೀಳಲು ಆಲಿಕೆ ಜೋಡಿಸಿದ ಕನ್ನಡಕ. ಅಂಬೆಗಾಲಿಡುವ ಮಗುವೇ ನೆಲ ಒರೆಸಲಿ ಎಂದು ಮಾಪ್ ಹೊಲಿದ ಅಂಗಿ.

ನೋಡಿದರೆ ಬರೀ ತಮಾಷೆ ಅನಿಸುತ್ತದೆ. ಆದರೆ ಇದಕ್ಕೆ ಹತ್ತು ಕಟ್ಟುನಿಟ್ಟಾದ ನಿಯಮಗಳಿವೆ. ವಸ್ತುವನ್ನು ನಿಜವಾಗಿ ಮಾಡಿರಬೇಕು, ಕಾಗದದ ಮೇಲೆ ಬಿಡಿಸಿದರೆ ಸಾಲದು. ಮಾರುವಂತಿಲ್ಲ. ಪೇಟೆಂಟ್ ತೆಗೆದುಕೊಳ್ಳುವಂತಿಲ್ಲ. ಸುಮ್ನೆ ನಗಿಸಲಿಕ್ಕೆ ಅಂತಲೇ ಮಾಡುವಂತಿಲ್ಲ, ನಿಜವಾದ ಒಂದು ತೊಂದರೆಯನ್ನು ಬಗೆಹರಿಸಲು ಹೊರಟಿರಬೇಕು. ಹಾಗಂತ ನಿಜವಾಗಿ ಉಪಯೋಗಕ್ಕೂ ಬರಬಾರದು! ಈ ಕೊನೆಯ ಎರಡರ ನಡುವಿನ ಜಾಗ ಎಷ್ಟು ಇಕ್ಕಟ್ಟು ನೋಡಿ. ಉಪಯೋಗಕ್ಕೆ ಬಂದುಬಿಟ್ಟರೆ ಸೋತಂತೆ.

ಸೋತದ್ದೂ ಉಂಟು. 1995ರಲ್ಲಿ ಬಂದ ಚಿಂದೋಗು ಪುಸ್ತಕದಲ್ಲಿ ಒಂದು ಕೋಲು ಇತ್ತು. ತುದಿಗೆ ಕ್ಯಾಮೆರಾ ಸಿಕ್ಕಿಸಿ, ಕೈ ಚಾಚಿ, ನಮ್ಮ ಚಿತ್ರ ನಾವೇ ತೆಗೆದುಕೊಳ್ಳಲು. ಅದಕ್ಕೂ ಮುಂಚೆ ಮಿನೋಲ್ಟಾ ಕಂಪನಿಯ ಹಿರೋಶಿ ಉಎದಾ 1983ರಲ್ಲೇ ಇಂಥ ಕೋಲಿಗೆ ಪೇಟೆಂಟ್ ಪಡೆದಿದ್ದರು. ಪ್ರವಾಸದಲ್ಲಿ ಒಬ್ಬ ಹುಡುಗನಿಗೆ ಫೋಟೊ ತೆಗೆಯಲು ಕ್ಯಾಮೆರಾ ಕೊಟ್ಟರೆ ಅವನು ಅದನ್ನೇ ಹೊತ್ತುಕೊಂಡು ಓಡಿಹೋದನಂತೆ. ಪಾಪ, ಅವರ ಕೋಲು ಮಾರುಕಟ್ಟೆಯಲ್ಲಿ ಓಡಲಿಲ್ಲ. ಪೇಟೆಂಟಿನ ಅವಧಿ 2003ರಲ್ಲಿ ಮುಗಿಯಿತು. ಹತ್ತು ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಸೆಲ್ಫಿ ಕೋಲು ಎಲ್ಲರ ಕೈಯಲ್ಲೂ ಬಂತು. ಕೋಲು ಬದಲಾಗಲಿಲ್ಲ, ಅದರ ತುದಿಗೆ ಫೋನು ಬಂತು, ಅಷ್ಟೇ. ನನ್ನ ನೋಟ್‌ಬುಕ್ಕಿನಲ್ಲಿ ಇದರ ಎದುರಿಗೆ ಮೊದಲು "ಬಳಕೆ ಇಲ್ಲ" ಎಂದು ಬರೆದು, ಆಮೇಲೆ ಗೀಟು ಹಾಕಿ ಹೊಡೆದುಹಾಕಿದ ಗುರುತಿದೆ.

ಕತೆರೀನಾ ಕಂಪ್ರಾನಿ ಇದನ್ನೇ ತಿರುಗಿಸಿ ಮಾಡುತ್ತಾರೆ. ಗ್ರೀಸಿನ ವಾಸ್ತುಶಿಲ್ಪಿ. ಒಳ್ಳೆಯ ವಸ್ತುವನ್ನು ತೆಗೆದುಕೊಂಡು ಒಂದೇ ಒಂದು ಕಡೆ ಕೆಡಿಸುತ್ತಾರೆ. ಹಿಡಿಕೆಯ ಜಾಗದಲ್ಲಿ ಸರಪಳಿ ಇರುವ ಫೋರ್ಕ್. ಬೆರಳು ಹೊರಗೆ ಕಾಣುವ ಮಳೆಗಾಲದ ಬೂಟು. ಕೊಳವೆ ತನ್ನ ಕಡೆಗೇ ಬಾಗಿದ, ಗಿಡಕ್ಕೆ ನೀರು ಹಾಕುವ ಕ್ಯಾನ್. ನೋಡುವಾಗಲೇ ಕೈಗೆ ಕಿರಿಕಿರಿ ಆಗುತ್ತದೆ. ಚೆನ್ನಾಗಿವೆ, ಆದರೆ ಒಂದು ಹತ್ತು ನೋಡಿದ ಮೇಲೆ ನನಗೆ ಸಾಕೆನಿಸಿತು. ಜೋಕಿನ ದಾರಿ ಮುಂಚೆಯೇ ಗೊತ್ತಾಗಿಬಿಡುತ್ತದೆ.

ಗೊಂಬೊಟ್ಸ್ ಎಂಬ ಆಕಾರ ಹಾಗಲ್ಲ. ಅದರದು ಎಂದಿಗೂ ಸಾಕೆನಿಸುವುದಿಲ್ಲ. ತಳ್ಳಿದರೂ ಎದ್ದು ನಿಲ್ಲುವ ಬೊಂಬೆ ನೋಡಿರುತ್ತೀರಿ. ಅದರ ಗುಟ್ಟು ತಳದಲ್ಲಿ ತುಂಬಿದ ಭಾರ. ಒಳಗೆ ಭಾರ ಬಚ್ಚಿಡದೆ, ಎಲ್ಲೂ ತಗ್ಗಿಲ್ಲದೆ, ಇಡೀ ವಸ್ತು ಒಂದೇ ಸಮ ಇದ್ದು, ಬರೀ ಆಕಾರದ ಬಲದಿಂದ ಹಾಗೆ ನಿಲ್ಲಲು ಸಾಧ್ಯವಾ? ಸಾಧ್ಯ ಇರಬೇಕು ಎಂದು ರಷ್ಯಾದ ಗಣಿತಜ್ಞ ವ್ಲಾದಿಮಿರ್ ಆರ್ನಾಲ್ಡ್ 1995ರಲ್ಲಿ ಹೇಳಿದ್ದರು. ಹಂಗೇರಿಯ ಗಾಬೋರ್ ದೊಮೊಕೊಶ್ ಇದರ ಬೆನ್ನು ಹತ್ತಿದರು. ಒಮ್ಮೆ ಹೆಂಡತಿಯ ಜೊತೆ ಗ್ರೀಸಿನ ಕಡಲ ತೀರಕ್ಕೆ ಹೋದಾಗ ಇಬ್ಬರೂ ಕೂತು ಸುಮಾರು 2,000 ಬೆಣಚುಕಲ್ಲು ಪರೀಕ್ಷಿಸಿದರು. ಒಂದೂ ಸಿಗಲಿಲ್ಲ. ಕೊನೆಗೆ 2006ರಲ್ಲಿ ಅವರೂ ಪೀಟರ್ ವಾರ್ಕೊನಿಯೂ ಸೇರಿ ಆ ಆಕಾರವನ್ನು ಕಂಡುಹಿಡಿದರು. ಹೇಗೆ ಇಟ್ಟರೂ ಹೊರಳಿ, ತೂಗಿ, ಒಂದೇ ಭಂಗಿಗೆ ಬಂದು ನಿಲ್ಲುತ್ತದೆ. ಆಕಾರ ಕೂದಲೆಳೆಯಷ್ಟು ತಪ್ಪಿದರೂ ಕೆಲಸ ಮಾಡುವುದಿಲ್ಲ. ಆಮೇಲೆ ನೋಡಿದರೆ ಭಾರತದ ನಕ್ಷತ್ರ ಆಮೆಯ ಚಿಪ್ಪು ಹೆಚ್ಚುಕಡಿಮೆ ಹಾಗೇ ಇದೆ! ಬೆನ್ನು ಕೆಳಗಾಗಿ ಬಿದ್ದ ಆಮೆ ಮತ್ತೆ ಸರಿಯಾಗಲು ಅದು ನೆರವಾಗುತ್ತದೆ. ಉದ್ದೇಶಿತ ಬಳಕೆಯನ್ನು ಆಮೆ ಬರೆದುಕೊಂಡು ಕೂತಿತ್ತು, ನಾವು ನೋಡಿರಲಿಲ್ಲ.

ಇನ್ನೊಂದು ಗಡಿಯಾರ ಹೇಳಿ ನಿಲ್ಲಿಸುತ್ತೇನೆ. ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನ ಗೋಡೆಯಲ್ಲಿ ಇದೆ, 2008ರಲ್ಲಿ ಸ್ಟೀಫನ್ ಹಾಕಿಂಗ್ ಉದ್ಘಾಟನೆ ಮಾಡಿದ್ದು. ಚಿನ್ನದ ಲೇಪದ ದೊಡ್ಡ ತಟ್ಟೆ, ಮುಳ್ಳಿಲ್ಲ, ಅಂಕಿಯಿಲ್ಲ. ತಟ್ಟೆಯ ಮೇಲೆ ಮಿಡತೆಯಂಥ ಒಂದು ಭಯಂಕರ ಜೀವಿ ಕೂತು ಬಾಯಿ ತೆರೆದು ಮುಚ್ಚಿ ಸಮಯ ತಿನ್ನುತ್ತದೆ. ಹದಿನೆಂಟನೇ ಶತಮಾನದ ಜಾನ್ ಹ್ಯಾರಿಸನ್ ಗಡಿಯಾರದೊಳಗೆ ಮಾಡಿದ್ದ "ಮಿಡತೆ" ಎಂಬ ಪುಟ್ಟ ಭಾಗವನ್ನೇ ದೊಡ್ಡದು ಮಾಡಿ ಹೊರಗೆ ಕೂರಿಸಿದ್ದಾರೆ. ಗಡಿಯಾರ ಬೇಕೆಂದೇ ತಡವರಿಸುತ್ತದೆ, ಮತ್ತೆ ಓಡುತ್ತದೆ. ಐದು ನಿಮಿಷಕ್ಕೆ ಒಮ್ಮೆ ಮಾತ್ರ ಸರಿಯಾದ ಸಮಯ ತೋರಿಸುತ್ತದೆ. ಇದನ್ನು ಮಾಡಿಸಿದ ಜಾನ್ ಟೇಲರ್ ಯಾರು ಅಂದರೆ, ನೀರು ಕುದಿದ ಕೂಡಲೇ ಕೆಟಲ್ಲನ್ನು ತಾನಾಗಿ ಆಫ್ ಮಾಡುವ ಸ್ವಿಚ್ಚಿಗೆ ಹೆಸರಾದವರು.

ಇದು ಓದಿದ ದಿನ ನಾನು ಸುಮಾರು ಹೊತ್ತು ನನ್ನ ಪೆಟ್ಟಿಗೆಯನ್ನೇ ನೋಡುತ್ತ ಕೂತಿದ್ದೆ. ಅದೂ ತಾನಾಗಿ ಆಫ್ ಆಗುತ್ತದೆ, ಇದೂ ತಾನಾಗಿ ಆಫ್ ಆಗುತ್ತದೆ. ನಡುವೆ ಇರುವುದು ಒಂದು ಪಾತ್ರೆ ನೀರು.

ಕೊನೆಗೆ ಹೋದ ತಿಂಗಳು ಪೆಟ್ಟಿಗೆಗೆ ಒಂದು ಕೈಪಿಡಿ ಬರೆಯಲು ಕೂತೆ. ಉದ್ದೇಶಿತ ಬಳಕೆಯ ಜಾಗ ಖಾಲಿ ಬಿಟ್ಟು, ನೇರವಾಗಿ "ತೊಂದರೆ ಮತ್ತು ಪರಿಹಾರ" ಭಾಗಕ್ಕೆ ಹೋದೆ. ನಾನು ಬರೆದ ಎಲ್ಲ ಕೈಪಿಡಿಗಳಲ್ಲೂ ಅಲ್ಲಿ ಮೊದಲ ಸಾಲು ಒಂದೇ: ಸಾಧನ ಆನ್ ಆಗುತ್ತಿಲ್ಲ. ಈ ಪೆಟ್ಟಿಗೆಗೆ ಮಾತ್ರ ಅದು ತಿರುಗುಮುರುಗು. "ತೊಂದರೆ: ಸಾಧನ ಆನ್ ಆಗಿಯೇ ಇದೆ. ಪರಿಹಾರ: ಬ್ಯಾಟರಿ ಬದಲಾಯಿಸಿ."

ಬರೆದ ವಾರಕ್ಕೇ ಹಾಗಾಯಿತು. ಅಕ್ಕನ ಮಗಳು ಬಂದಿದ್ದಳು, ಆರು ವರ್ಷ. ಸತತ ಅರ್ಧ ಗಂಟೆ ಸ್ವಿಚ್ ಒತ್ತಿದಳು. ಬೆರಳು ನಿಧಾನವಾಗುತ್ತ ಬಂತು, ಕೊನೆಗೆ ಸ್ವಿಚ್ಚಿನ ವರೆಗೆ ಬಂದು, ತಳ್ಳಲಾಗದೆ, ಅರ್ಧ ತೆರೆದ ಮುಚ್ಚಳದ ಕೆಳಗೆ ಹಾಗೇ ನಿಂತಿತು. ನಾನು ಬ್ಯಾಟರಿ ತರಲು ಎದ್ದೆ. ಅವಳು ನನ್ನ ಕೈ ಹಿಡಿದು ಕೂರಿಸಿ, ಪೆಟ್ಟಿಗೆಯ ಮೇಲೆ ಬಾಗಿ, ತನ್ನ ಬೆರಳಿನಿಂದ ಸ್ವಿಚ್ಚನ್ನು ಆಫ್ ಮಾಡಿದಳು.