"ನಿಮ್ಮ ಲೇಔಟ್‌ನಲ್ಲಿ ಪ್ಯಾಸೆಂಜರ್ ಗಾಡಿ ಯಾಕಿಲ್ಲ?"

ನಮ್ಮ ಮಹಡಿ ಕೋಣೆಯಲ್ಲಿ ಒಂದು ಮಾಡೆಲ್ ರೈಲು ಲೇಔಟ್ ಇದೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಎಡಕುಮೇರಿ ಸ್ಟೇಷನ್ನು, ಅದರ ಆಚೀಚೆ ಎರಡು ಸುರಂಗ. ಎಚ್‌ಓ ಸ್ಕೇಲ್, ಅಂದರೆ ಅಸಲಿನ 87ನೇ ಒಂದು ಪಾಲು. ಅಲ್ಲಿ ಓಡುವುದು ಬರೀ ಗೂಡ್ಸ್. ನೋಡಲು ಬಂದವರೆಲ್ಲ ಮೇಲಿನ ಪ್ರಶ್ನೆಯನ್ನೇ ಕೇಳುತ್ತಾರೆ.

ನನ್ನ ಎಡಕುಮೇರಿಯಲ್ಲಿ ಈಗ 2007ರ ಮಳೆಗಾಲ. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದ ಮೇಲೆ ಈ ಘಾಟಿಯಲ್ಲಿ ಮೊದಲು ಓಡಿದ್ದೇ ಗೂಡ್ಸ್, 2006ರಲ್ಲಿ. ಪ್ಯಾಸೆಂಜರ್ ಬಂದಿದ್ದು 2007ರ ಡಿಸೆಂಬರ್‌ಗೆ. ಇಷ್ಟು ಹೇಳಿದರೂ, "ಗಾಡಿ ನಿಮ್ಮದೇ ಅಲ್ವಾ, ಯಾವುದು ಬೇಕಾದ್ರೂ ಓಡಿಸಬಹುದು" ಅಂತಾರೆ. ಓಡಿಸಬಹುದು. ಓಡಿಸಲ್ಲ.

ಜಾಗದ ಲೆಕ್ಕವೂ ಇದೆ. ಈ ಸ್ಕೇಲ್‌ನಲ್ಲಿ ಪ್ಯಾಸೆಂಜರ್ ಬೋಗಿ ಸುಮಾರು 25 ಸೆಂಟಿಮೀಟರ್ ಉದ್ದ. ನನ್ನ ಕೋಣೆಯ ತಿರುವಿನಲ್ಲಿ ಅದರ ಮೂಲೆ ಸುರಂಗದ ಬಾಯಿಗೆ ಉಜ್ಜುತ್ತದೆ. ಅದಿರಿನ ವ್ಯಾಗನ್ ಅದರ ಅರ್ಧ, ಆರಾಮಾಗಿ ನುಗ್ಗುತ್ತದೆ.

ಕಳೆದ ದೀಪಾವಳಿಗೆ ಭಾವ ಬಂದಿದ್ದರು. ನೋಡಿ, "ಜನಾನೇ ಇಲ್ಲದ ರೈಲು ಎಂಥಾ ರೈಲು?" ಅಂದರು. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ. ಜನ ಇಲ್ಲ ಅಂತ ಯಾರು ಹೇಳಿದ್ದು? ಲೋಕೋ ಪೈಲಟ್ ಇದ್ದಾನೆ, ಗಾರ್ಡ್ ಇದ್ದಾನೆ. ಸುರಂಗದ ಪಕ್ಕದಲ್ಲಿ ಎರಡು ಸೆಂಟಿಮೀಟರ್ ಎತ್ತರದ ಪೆಟ್ರೋಲ್‌ಮನ್ ನಿಂತಿದ್ದಾನೆ. ಮಳೆಗಾಲದಲ್ಲಿ ಗುಡ್ಡ ಕುಸಿದಿದೆಯಾ, ಹಳಿ ಮೇಲೆ ಬಂಡೆ ಬಿದ್ದಿದೆಯಾ ಅಂತ ನಡೆದೇ ನೋಡಿಕೊಂಡು ಬರುವವನು ಅವನು. ಕೊಡೆ ಹಿಡಿದು ಕಿಟಕಿ ಪಕ್ಕ ಕೂತವರು ಮಾತ್ರ ಜನಾನಾ?

ನನಗೆ ಇಷ್ಟವಾಗುವ ಪ್ರಶ್ನೆ ಬೇರೆ: "ಆ ವ್ಯಾಗನ್‌ನಲ್ಲಿ ಏನಿದೆ, ಎಲ್ಲಿಗೆ ಹೋಗ್ತಿದೆ?"

ಹೊಸಪೇಟೆ ಕಡೆಯ ಕಬ್ಬಿಣದ ಅದಿರು, ಮಂಗಳೂರು ಬಂದರಿಗೆ. ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಸೋಸಿ, ಥರ್ಮಾಕೋಲ್ ತುಂಡಿನ ಮೇಲೆ ಉದುರಿಸಿ, ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ಹನಿ ಪಾತ್ರೆ ಸೋಪು ಹಾಕಿ ಅಂಟಿಸಿದ್ದೇನೆ. ಸೋಪಿಲ್ಲದಿದ್ದರೆ ಅಂಟು ಮಣ್ಣಿನೊಳಗೆ ಇಳಿಯುವುದಿಲ್ಲ. ತುಂಡಿನೊಳಗೆ ಒಂದು ಕಬ್ಬಿಣದ ವಾಷರ್ ಇದೆ. ಗಾಡಿ ಬಂದರು ಮುಟ್ಟಿದ ಮೇಲೆ ಅಯಸ್ಕಾಂತ ಹಿಡಿದರೆ ಅದಿರು ಎದ್ದು ಬರುತ್ತದೆ, ವ್ಯಾಗನ್ ಖಾಲಿ.

ಆಮೇಲೆ ಖಾಲಿ ರೇಕ್, ಅಂದರೆ ವ್ಯಾಗನ್‌ಗಳ ಇಡೀ ಸಾಲು, ಘಾಟಿ ಹತ್ತಬೇಕು. ಅಸಲಿನ ಹಾಗೇ 50ಕ್ಕೆ ಒಂದರ ಏರು, ಮೀಟರ್‌ಗೆ ಎರಡು ಸೆಂಟಿಮೀಟರ್. ಇರುವುದು ಒಂದೇ ಹಳಿ. ಮೇಲಿಂದ ಇನ್ನೊಂದು ಲೋಡ್ ಇಳಿದು ಬರುತ್ತಿರುತ್ತದೆ. ಎಡಕುಮೇರಿಯಲ್ಲಿ ಒಂದನ್ನು ಲೂಪ್‌ಗೆ, ಅಂದರೆ ಸ್ಟೇಷನ್ನಿನ ಪಕ್ಕದ ಹಳಿಗೆ, ಹಾಕಿ ಇನ್ನೊಂದಕ್ಕೆ ದಾರಿ ಬಿಡಬೇಕು. ಯಾವುದನ್ನು ನಿಲ್ಲಿಸೋದು? ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಹೊರಡಿಸೋದು ಕಷ್ಟ. ಇಳಿಯುವ ಲೋಡನ್ನು ಹಿಡಿದು ನಿಲ್ಲಿಸೋದು ಇನ್ನೂ ಕಷ್ಟ. ಇದನ್ನು ಕೇಳಿ, ಕಂಟ್ರೋಲರ್ ನಿಮ್ಮ ಕೈಗೇ ಕೊಡ್ತೀನಿ.