ಎಲ್ಲಾ ಆನ್‌ಲೈನ್‌ನಲ್ಲಿ ಫ್ರೀ ಸಿಗುತ್ತಲ್ಲ, ಇನ್ನೇನು ಬೇಕು?

ಕೋಲಾರದ ಕಡೆ ಡಿಗ್ರಿ ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು. 'ಐಐಟಿ ಪಾಠವೇ ಪುಕ್ಕಟೆ ಸಿಗುತ್ತೆ, ಹಳ್ಳಿ ಮಕ್ಕಳು ಯಾಕಿನ್ನೂ ಹಿಂದೆ?'

ಸಿಗುವುದು ನಿಜ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ, ವಿಡಿಯೊ ಪಾಠಗಳ ಎನ್‌ಪಿಟೆಲ್ ಇದೆ. 2017ರಿಂದ ಕೇಂದ್ರ ಸರ್ಕಾರದ 'ಸ್ವಯಂ' ಅನ್ನುವ ಆನ್‌ಲೈನ್ ಕೋರ್ಸ್‌ಗಳ ತಾಣ ಇದೆ. ಪಾಠ ಕೇಳುವುದಕ್ಕೆ ದುಡ್ಡು ಕೊಡಬೇಕಿಲ್ಲ, ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆಗೆ ಫೀಸ್ ಕಟ್ಟಬೇಕು. ಇದನ್ನೆಲ್ಲ ಮಾಡಿಟ್ಟವರ ಮೇಲೆ ನನಗೆ ತುಂಬಾ ಗೌರವ.

ಆದರೆ ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಬರುವ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಓದಿದ್ದು ಕನ್ನಡ ಮೀಡಿಯಂ. ಡಿಗ್ರಿಗೆ ಬಂದರೆ ಪುಸ್ತಕ ಇಂಗ್ಲಿಷ್. ವಿಡಿಯೊದಲ್ಲಿ ಮೇಷ್ಟ್ರು ಇಂಗ್ಲಿಷ್‌ನಲ್ಲಿ ಹೇಳಿಕೊಂಡು ಹೋಗುತ್ತಿದ್ದರೆ ಇವರು ಮೊದಲ ವಾಕ್ಯದಲ್ಲೇ ನಿಂತಿರುತ್ತಾರೆ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಸ್ ಹಿಡಿಯುವ ಹುಡುಗಿಗೆ ಮನೆಯ ಫೋನ್ ಸಿಗುವುದು ರಾತ್ರಿ, ಅದೂ ಅಣ್ಣ ಬಿಟ್ಟುಕೊಟ್ಟರೆ. ಅಷ್ಟೊತ್ತಿಗೆ ಆ ದಿನದ ಡೇಟಾ ಖಾಲಿ.

ಹಾಗಾಗಿ ನನ್ನ ಉತ್ತರ ಇಷ್ಟು: ಪುಕ್ಕಟೆ ಸಿಕ್ಕರೆ ಸಾಲದು. ಅದನ್ನು ಜೆರಾಕ್ಸ್ ಮಾಡಿ ಹಂಚುವ, ಕನ್ನಡಕ್ಕೆ ತರುವ, ನಮಗೆ ಬೇಕಾದಂತೆ ತಿದ್ದುವ ಅನುಮತಿಯೂ ಬೇಕು. ತಿದ್ದುವವರೂ ಬೇಕು.

ಅನುಮತಿ ಕೊಟ್ಟವರು ಇದ್ದಾರೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯ 2012ರಿಂದ ತರುತ್ತಿರುವ ಓಪನ್‌ಸ್ಟ್ಯಾಕ್ಸ್ ಪಠ್ಯಪುಸ್ತಕಗಳು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿವೆ. ಮೂಲದ ಹೆಸರು ಹಾಕಿ, ಆಯಾ ಪುಸ್ತಕದ ಷರತ್ತು ಪಾಲಿಸಿದರೆ ಬೇಕಾದ ಅಧ್ಯಾಯವನ್ನಷ್ಟೇ ತೆಗೆದು ಬಳಸಬಹುದು, ಉದಾಹರಣೆ ಬದಲಿಸಬಹುದು. ಆ ಪುಸ್ತಕದಲ್ಲಿ ಡಾಲರ್ ಲೆಕ್ಕ ಇದ್ದರೆ ನಾನು ಕೋಲಾರ ಎಪಿಎಂಸಿಯ ಟೊಮೆಟೊ ಹಾಕುತ್ತೇನೆ. 15 ಕೆ.ಜಿ. ಬಾಕ್ಸಿನ ರೇಟು. ಎರಡು ವಾರಗಳ ಸರಾಸರಿ ಒಂದೇ, ಆದರೆ ಒಂದು ವಾರ ರೇಟು ಹೆಚ್ಚುಕಡಿಮೆ ಹಾಗೇ ನಿಂತಿತ್ತು, ಇನ್ನೊಂದು ವಾರ ದಿನಾ ಏರಿಳಿತ. ಯಾವ ವಾರ ಅಪ್ಪ ನಿದ್ದೆ ಮಾಡಲಿಲ್ಲ ಅಂತ ಮಕ್ಕಳನ್ನು ಕೇಳಿ. ಸರಾಸರಿಯ ಸುತ್ತ ಏರಿಳಿತ ಎಷ್ಟು ಅಂತ ಅಳೆಯುವ ಸ್ಟ್ಯಾಂಡರ್ಡ್ ಡೀವಿಯೇಷನ್ ಯಾಕೆ ಬೇಕು ಅಂತ ಅವರೇ ಹೇಳುತ್ತಾರೆ. ಸೂತ್ರ ಆಮೇಲೆ. ಇಂಥ ನಾಲ್ಕು ಪುಟದ ಜೆರಾಕ್ಸ್‌ಗೆ ಡೇಟಾ ಬೇಡ, ಅಣ್ಣನ ಫೋನೂ ಬೇಡ.

ಎನ್‌ಪಿಟೆಲ್‌ನಲ್ಲೂ ಪಾಠದ ಮಾತುಗಳು ಬರಹದಲ್ಲಿ ಸಿಗುತ್ತವೆ, ಕೆಲವು ಕೋರ್ಸ್‌ಗಳಿಗೆ ಕನ್ನಡದಲ್ಲೂ ಇವೆ. ಕಾಲೇಜಿನ ವೈಫೈಯಲ್ಲಿ ಒಮ್ಮೆ ಇಳಿಸಿಕೊಂಡರೆ ಮನೆಯಲ್ಲಿ ನಿಧಾನವಾಗಿ ಓದಬಹುದು, ಅಲ್ವಾ? ಇದನ್ನು ಮೊದಲ ವರ್ಷದಲ್ಲೇ ಮಕ್ಕಳಿಗೆ ತೋರಿಸಬೇಕು.

ತಿದ್ದುವವರು ಯಾರು ಅನ್ನುವುದೇ ಕಷ್ಟದ ಭಾಗ. ವರ್ಕ್‌ಲೋಡ್ ಅಂದರೆ ಕ್ಲಾಸ್ ತೆಗೆದುಕೊಂಡ ಗಂಟೆಗಳ ಲೆಕ್ಕ. ಕನ್ನಡ ನೋಟ್ಸ್ ಬರೆದು ಕೂತ ಸಂಜೆಗಳು ಅದರಲ್ಲಿ ಬರುವುದಿಲ್ಲ. ಅತಿಥಿ ಉಪನ್ಯಾಸಕರನ್ನು ಸುಮ್ನೆ ಮಾಡಿಕೊಡಿ ಅಂತ ಕೇಳುವುದು ಅನ್ಯಾಯ. ಕಾಲೇಜುಗಳು ಈ ಕೆಲಸವನ್ನೂ ಗಂಟೆಗಳಲ್ಲಿ ಎಣಿಸಲಿ, ಅದಕ್ಕೂ ಸಂಬಳ ಕೊಡಲಿ. ಬೆಂಗಳೂರಿನಲ್ಲಿ ನೆಲೆಸಿದ ನಮ್ಮೂರಿನವರು ಟ್ಯಾಬ್ ಕೊಡಿಸಲೇ ಅಂತ ಕೇಳಿದರೆ ನಾನು ಕೇಳುವುದು ಬೇರೆ: ಲೈಬ್ರರಿಗೆ ಪ್ರಿಂಟರ್, ವರ್ಷಕ್ಕೆ ಸಾಕಾಗುವಷ್ಟು ಪೇಪರ್, ಮತ್ತು ನಿಮ್ಮ ವಿಷಯದ ಒಂದು ಅಧ್ಯಾಯದ ಕನ್ನಡ ನೋಟ್ಸ್.