ಮೊದಲು ಗೋಡೆ ಮುಟ್ಟಿದವರು ಯಾರು?

ಕೆಲವು ವರ್ಷಗಳ ಹಿಂದೆ ಅಣ್ಣನ ಮಗಳ ಈಜು ನೋಡಲೆಂದು ಅಂತರಶಾಲಾ ಸ್ಪರ್ಧೆಯೊಂದಕ್ಕೆ ಹೋಗಿದ್ದ ನಾನು, ಟೈಮ್‌ಕೀಪರುಗಳು ಸಾಲದೆ ಬಂದುದರಿಂದ, ನಾಲ್ಕನೇ ಲೇನಿನ ತುದಿಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲಬೇಕಾಯಿತು. ಒಂದು ಲೇನಿಗೆ ಮೂವರು. ಮೂರು ವಾಚುಗಳು ಮೂರು ಸಮಯ ತೋರಿಸಿದರೆ ನಡುವಿನದನ್ನು ಬರೆದುಕೊಳ್ಳಬೇಕೆಂಬುದು ನಿಯಮ. ಐವತ್ತು ಮೀಟರ್ ಆಚೆಯ ಸದ್ದು ನಮ್ಮ ಕಿವಿ ಮುಟ್ಟಲು ಸೆಕೆಂಡಿನ ಏಳನೇ ಒಂದು ಭಾಗದಷ್ಟು ಹೊತ್ತು ಹಿಡಿಯುವುದರಿಂದ, ಸದ್ದಿಗೆ ಕಾಯದೆ ದೀಪ ಮಿನುಗಿದ ಕೂಡಲೇ ಗುಂಡಿ ಒತ್ತಬೇಕೆಂದು ಹಿರಿಯರೊಬ್ಬರು ಎರಡೆರಡು ಸಲ ಹೇಳಿದ್ದರು. ಅದನ್ನು ಪಾಲಿಸಿದೆ. ತಪ್ಪಿದ್ದು ಕೊನೆಯಲ್ಲಿ. ಹುಡುಗಿಯ ಕೈ ನೀರಿನೊಳಗೇ ಗೋಡೆ ಮುಟ್ಟಿತ್ತು. ನಾನು ಗುಂಡಿ ಒತ್ತಿದ್ದು ಅವಳ ತಲೆ ಮೇಲೆದ್ದ ಮೇಲೆ. ಪಕ್ಕದವರ ವಾಚುಗಳಲ್ಲಿ 38.37 ಮತ್ತು 38.41 ಇದ್ದರೆ ನನ್ನದರಲ್ಲಿ 38.67 ಇತ್ತು.

ಅಂದಿನಿಂದ ನನಗೆ ಈಜಿನ ಇತಿಹಾಸದಲ್ಲಿ ದಾಖಲೆಗಳಿಗಿಂತ ತೀರ್ಪಿನ ಕಥೆಯೇ ಹೆಚ್ಚು ರುಚಿಸುತ್ತದೆ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಗಳು ಈಜಿದ್ದು ಸಮುದ್ರದಲ್ಲಿ, 1900ರ ಪ್ಯಾರಿಸ್‌ನಲ್ಲಿ ಸೀನ್ ನದಿಯಲ್ಲಿ. 1924ರಲ್ಲಿ ಮತ್ತೆ ಪ್ಯಾರಿಸ್‌ನಲ್ಲೇ ಐವತ್ತು ಮೀಟರಿನ ಕೊಳವೂ ಲೇನುಗಳೂ ಬಂದವು. ಕೊಳ ಬದಲಾಯಿತೇ ಹೊರತು, ಯಾರು ಗೆದ್ದರೆಂದು ಹೇಳುವ ಹೊಣೆ ಮಾತ್ರ ದಡದಲ್ಲಿ ನಿಂತವರ ಕಣ್ಣಿನ ಮೇಲೆಯೇ ಇತ್ತು.

ಆ ಕಣ್ಣುಗಳು ಸೋತದ್ದು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ, ಪುರುಷರ 100 ಮೀಟರ್ ಫ್ರೀಸ್ಟೈಲ್ ಫೈನಲ್‌ನಲ್ಲಿ. ಆಸ್ಟ್ರೇಲಿಯಾದ ಜಾನ್ ಡೆವಿಟ್ ಮತ್ತು ಅಮೆರಿಕದ ಲ್ಯಾನ್ಸ್ ಲಾರ್ಸನ್ ಹೆಚ್ಚುಕಡಿಮೆ ಒಟ್ಟಿಗೇ ಗೋಡೆ ಮುಟ್ಟಿದರು. ತಾನು ಸೋತೆನೆಂದೇ ಭಾವಿಸಿದ ಡೆವಿಟ್ ಎದುರಾಳಿಯನ್ನು ಅಭಿನಂದಿಸಿಯೂ ಆಗಿತ್ತು. ಮೊದಲ ಸ್ಥಾನವನ್ನು ಗುರುತಿಸಲು ನಿಂತಿದ್ದ ಮೂವರು ತೀರ್ಪುಗಾರರಲ್ಲಿ ಇಬ್ಬರು ಡೆವಿಟ್ ಗೆದ್ದರೆಂದರು. ಎರಡನೇ ಸ್ಥಾನವನ್ನು ಗುರುತಿಸಲು ಬೇರೆಯೇ ಮೂವರಿದ್ದರು; ಅವರಲ್ಲಿ ಇಬ್ಬರು, ಎರಡನೆಯವನಾಗಿ ಬಂದದ್ದೂ ಡೆವಿಟ್ ಎಂದರು! ಅಂದರೆ ಆರು ಮಂದಿಯಲ್ಲಿ ಮೂವರು ಈ ಕಡೆ, ಮೂವರು ಆ ಕಡೆ. ವಾಚುಗಳಾದರೂ ಗೊಂದಲ ಬಿಡಿಸಬಹುದಿತ್ತು: ಡೆವಿಟ್ ಲೇನಿನ ಮೂರೂ ವಾಚುಗಳು 55.2 ಸೆಕೆಂಡ್ ತೋರಿಸಿದರೆ, ಲಾರ್ಸನ್ ಲೇನಿನವು 55.0, 55.1 ಮತ್ತು 55.1 ತೋರಿಸಿದ್ದವು. ಪ್ರಾಯೋಗಿಕವಾಗಿ ಇಟ್ಟಿದ್ದ ವಿದ್ಯುನ್ಮಾನ ಯಂತ್ರವೂ ಲಾರ್ಸನ್‌ರನ್ನೇ ಮುಂದೆ ತೋರಿಸಿತ್ತು. ಆದರೂ ಮುಖ್ಯ ತೀರ್ಪುಗಾರರು ಡೆವಿಟ್‌ಗೆ ಚಿನ್ನವೆಂದು ಸಾರಿದರು. ಅದಕ್ಕೆ ಹೊಂದಿಕೊಳ್ಳುವಂತೆ ಲಾರ್ಸನ್‌ರ ಸಮಯವನ್ನೂ 55.2 ಎಂದು ದಾಖಲಿಸಲಾಯಿತು. ತೀರ್ಪಿನಲ್ಲಿ ಎಡವುವುದು ಯಾರಿಗಾದರೂ ಆಗಬಹುದಾದದ್ದು, ನನ್ನ ಕೈಯಲ್ಲೂ ಆಯಿತು. ಆದರೆ ತೀರ್ಪಿಗೆ ಸರಿಹೊಂದಲೆಂದು ವಾಚಿನ ಲೆಕ್ಕವನ್ನೇ ತಿದ್ದಿದ್ದನ್ನು ನಾನಂತೂ ಒಪ್ಪಲಾರೆ. ಅಮೆರಿಕದ ಮೇಲ್ಮನವಿಗಳು ಫಲಿಸಲಿಲ್ಲ.

1967ರ ವಿನ್ನಿಪೆಗ್ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ, ಮರುವರ್ಷ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ, ಲೇನಿನ ತುದಿಗೆ ಟಚ್‌ಪ್ಯಾಡ್‌ಗಳು ಬಂದವು. ಅಲೆ ಬಡಿದರೆ ಗಡಿಯಾರ ನಿಲ್ಲದು. ಕೈಯಿಂದ ಒತ್ತಿದರಷ್ಟೇ ನಿಲ್ಲುತ್ತದೆ. ಈಜುಗಾರನೇ ತನ್ನ ಗಡಿಯಾರವನ್ನು ನಿಲ್ಲಿಸುವ ಈ ಏರ್ಪಾಟಿನಿಂದ ಜಗಳ ಮುಗಿಯಿತೆಂದು ಎಲ್ಲರೂ ನಂಬಿರಬೇಕು.

ಆದರೆ ಯಂತ್ರವು ಬೇಕಾದದ್ದಕ್ಕಿಂತ ಹೆಚ್ಚೇ ಹೇಳತೊಡಗಿತು. 1972ರ ಮ್ಯೂನಿಕ್‌ನಲ್ಲಿ 400 ಮೀಟರ್ ವೈಯಕ್ತಿಕ ಮೆಡ್ಲೆ ಮುಗಿದಾಗ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಮತ್ತು ಅಮೆರಿಕದ ಟಿಮ್ ಮೆಕ್‌ಕೀ ಇಬ್ಬರ ಸಮಯವೂ 4 ನಿಮಿಷ 31.98 ಸೆಕೆಂಡ್ ಆಗಿತ್ತು. ಸಾವಿರದ ಭಾಗದವರೆಗೆ ನೋಡಿದಾಗ ಒಬ್ಬರದು 31.981, ಇನ್ನೊಬ್ಬರದು 31.983, ಚಿನ್ನ ಸ್ವೀಡನ್ನಿಗೆ ಹೋಯಿತು. ಅವರ ವೇಗದಲ್ಲಿ ಸೆಕೆಂಡಿನ ಸಾವಿರದ ಎರಡು ಭಾಗವೆಂದರೆ ಸುಮಾರು ಮೂರು ಮಿಲಿಮೀಟರ್. ಐವತ್ತು ಮೀಟರ್ ಕೊಳದಲ್ಲಿ 400 ಮೀಟರ್ ಎಂದರೆ ಎಂಟು ಉದ್ದ. ಒಂದು ಲೇನು ಇನ್ನೊಂದಕ್ಕಿಂತ ಒಂದೇ ಮಿಲಿಮೀಟರ್ ಉದ್ದವಿದ್ದರೂ ಅದರಲ್ಲಿ ಈಜಿದವನು ಎಂಟು ಮಿಲಿಮೀಟರ್ ಹೆಚ್ಚು ಈಜಿರುತ್ತಾನೆ. ಗಾರೆಯವರು ಕಟ್ಟುವ ಗೋಡೆಯಿಂದ ಅಷ್ಟು ನಿಖರತೆಯನ್ನು ಯಾರು ತಾನೇ ನಿರೀಕ್ಷಿಸಿಯಾರು? ಮುಂದೆ ನಿಯಮವನ್ನು ಬದಲಿಸಿ, ಸೆಕೆಂಡಿನ ನೂರನೇ ಭಾಗದಾಚೆಗೆ ನೋಡಬಾರದೆಂದು ತೀರ್ಮಾನಿಸಲಾಯಿತು. ಅಳೆಯಬಲ್ಲದ್ದನ್ನು ಬೇಕೆಂದೇ ಅಳೆಯದೆ ಬಿಟ್ಟ ಈ ವಿವೇಕ ನನಗೆ ಬಹಳ ಹಿಡಿಸುತ್ತದೆ. ಅದರಿಂದಾಗಿಯೇ 1984ರ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರ 100 ಮೀಟರ್ ಫ್ರೀಸ್ಟೈಲ್‌ನಲ್ಲಿ 55.92 ಸೆಕೆಂಡಿನ ಇಬ್ಬರು ಅಮೆರಿಕನ್ನರಿಗೆ ಚಿನ್ನ ದಕ್ಕಿತು; 2016ರ ರಿಯೋದಲ್ಲಿ ಮೈಕೆಲ್ ಫೆಲ್ಪ್ಸ್, ಚಾಡ್ ಲೆ ಕ್ಲೋಸ್, ಲಾಸ್ಲೋ ಚೆಹ್ ಮೂವರೂ 51.14 ಸೆಕೆಂಡಿನಲ್ಲಿ ಮುಗಿಸಿ ಒಟ್ಟಿಗೇ ಬೆಳ್ಳಿ ಪಡೆದರು.

ನೂರನೇ ಭಾಗದ ಬೆಲೆ ನಮ್ಮ ಬೆಂಗಳೂರಿಗೂ ಗೊತ್ತು. 2021ರ ಜೂನ್‌ನಲ್ಲಿ, ಅದೇ ರೋಮ್ ನಗರದಲ್ಲಿ, ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಟೋಕಿಯೋಗೆ ನೇರ ಅರ್ಹತೆಯ ಗಡಿ 53.85 ಆಗಿದ್ದು, ಅಂತರ 0.08 ಸೆಕೆಂಡ್. ನಾಲ್ಕನೇ ಲೇನಿನ ತುದಿಯಲ್ಲಿ ನಾನು ತಡಮಾಡಿದ್ದು ಅದರ ಮೂರುಪಟ್ಟಿಗಿಂತ ಹೆಚ್ಚು. ನಡುವಿನ ವಾಚಿನ ನಿಯಮವಿದ್ದುದರಿಂದ ಆ ಹುಡುಗಿಯ ಚೀಟಿಯಲ್ಲಿ 38.41 ಎಂದೇ ಬರೆಯಲಾಯಿತು.